ಅರುಂಧತಿ ತೋರಿಸುತ್ತಿದ್ದ ಜೋಯಿಸರು

ಮೊನ್ನೆ ಭಾನುವಾರ ಸಂಜೆ ಹಳೆಯ ಕ್ಯಾಮೆರಾ ಬ್ಯಾಗನ್ನು ಅಟ್ಟದಿಂದ ಇಳಿಸಿ ಕೊಡವಿದೆ. ಜಿಪ್ಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಲವಾಗಿ ಎಳೆದಾಗ ಒಳಗಿಂದ ಅರಿಶಿನದ ವಾಸನೆ ಬಂತು. ಮೂಲೆಯ ಹೊಲಿಗೆಯಲ್ಲಿ ಒಂದಿಷ್ಟು ಅಕ್ಷತೆ ಕಾಳು ಸಿಕ್ಕಿಕೊಂಡಿದ್ದವು. ಯಾರ ಮದುವೆಯದೋ ಏನೋ... ನಾನು ಫೋಟೋ ತೆಗೆದ ಮದುವೆಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಹೋದರೆ ತಲೆ ಕೆಟ್ಟುಹೋಗುತ್ತದೆ. ಆದರೆ ಆ ಕಾಳನ್ನು ಮೂಸಿದ ತಕ್ಷಣ ಕಣ್ಣಮುಂದೆ ಬಂದದ್ದು ಮದುಮಕ್ಕಳಲ್ಲ, ನಮ್ಮ ಪಕ್ಕದ ಮನೆಯ ಜೋಯಿಸರು.

ಗೌರಿಬಿದನೂರಿನಲ್ಲಿ ನಾನು ಮದುವೆ ಫೋಟೋ, ವಿಡಿಯೋ ತೆಗೆದುಕೊಂಡೇ ಸಂಸಾರ ಸಾಗಿಸಿದವನು. ಜೋಯಿಸರು ಮದುವೆ ಮಾಡಿಸುವವರು. ಗೋಡೆಗೆ ಗೋಡೆ ಅಂಟಿದ ಮನೆಗಳು, ಹೆಚ್ಚುಕಮ್ಮಿ ಒಂದೇ ಛತ್ರದಲ್ಲಿ ಕೆಲಸ. ಬೆಳಗ್ಗೆ ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಅವರ ಮಡಿಪಂಚೆ ನನಗೆ ತಗುಲದಿರಲೆಂದು ನಮ್ಮಿಬ್ಬರ ನಡುವೆ ಈ ಬ್ಯಾಗನ್ನೇ ಇಟ್ಟುಕೊಳ್ಳುತ್ತಿದ್ದರು. "ಇದು ಚರ್ಮದ್ದಲ್ಲ ತಾನೆ?" ಎಂದು ಪ್ರತಿ ಸಲವೂ ಕೇಳುವರು. "ಅಲ್ಲ ಜೋಯಿಸರೆ, ರೆಕ್ಸಿನ್ನು" ಎಂದು ಪ್ರತಿ ಸಲವೂ ಹೇಳುವೆ. ಸಿಟ್ಟು ಬರುತ್ತಿತ್ತು, ನಿಜ. ಆದರೆ ಮಾಡಿಸಿದ ಮದುವೆಯಲ್ಲಿ ಕೊಟ್ಟ ಬಾಳೆಹಣ್ಣಿನಲ್ಲಿ ಅರ್ಧ ಚಿಪ್ಪು ನಮ್ಮ ಮನೆಗೆ ಕೊಡದೆ ಅವರು ಒಳಗೆ ಕಾಲಿಟ್ಟವರಲ್ಲ. ಅಂಥವರ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ಅರುಂಧತಿ ತೋರಿಸುವಾಗ ಅವರ ಕೆಲಸಕ್ಕೂ ನನ್ನ ಕೆಲಸಕ್ಕೂ ಜಟಾಪಟಿ. ಸಪ್ತಪದಿ ಮುಗಿದ ಮೇಲೆ ಗಂಡುಹೆಣ್ಣನ್ನು ಛತ್ರದ ಹೊರಗೆ ಕರೆತಂದು, ಉತ್ತರದ ಕಡೆ ಕೈ ಎತ್ತಿ, ಸಪ್ತರ್ಷಿಗಳಲ್ಲಿ ವಸಿಷ್ಠರ ಪಕ್ಕದಲ್ಲಿರುವ ಆ ಸಣ್ಣ ನಕ್ಷತ್ರವನ್ನು ತೋರಿಸುವರು. ಸುಡುಸುಡು ಮಧ್ಯಾಹ್ನ, ನಕ್ಷತ್ರ ಎಲ್ಲಿಂದ ಬರಬೇಕು? "ಕಾಣ್ತೇನಮ್ಮ?" ಎಂದರೆ ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ "ಕಾಣ್ತು" ಅನ್ನುವಳು. ಆಂಧ್ರದ ಗಡಿ ಕಡೆಯವಳಾದರೆ "ಕನಪಡಿಂದಿ ಸ್ವಾಮೀ". ಹುಡುಗ "ನಂಗೂ ಕಾಣ್ತು" ಅನ್ನುವನು. ಅಷ್ಟರಲ್ಲಿ ನನ್ನ ಮುಂದೆ ಯಾರದೋ ತಲೆ ಅಡ್ಡ ಬಂದಿರುತ್ತಿತ್ತು. "ಜೋಯಿಸರೆ, ಇನ್ನೊಂದ್ಸಲ ತೋರಿಸಿ" ಎಂದು ನಾನು ಕೂಗಿದರೆ ಬೈದುಕೊಂಡೇ ಇನ್ನೊಮ್ಮೆ ಕೈ ಎತ್ತುವರು. ಇಲ್ಲದ್ದನ್ನು ಎರಡೆರಡು ಸಲ ಕಂಡವರು ನಮ್ಮ ತಾಲೂಕಿನಲ್ಲಿ ಎಷ್ಟು ಜನರೋ!

"ಎಲ್ರ ಕೈಲೂ ಸುಳ್ಳು ಹೇಳಿಸ್ತೀರಲ್ಲ ಜೋಯಿಸರೆ?" ಎಂದು ಒಮ್ಮೆ ರೇಗಿಸಿದ್ದೆ.

"ಹಗಲು ಕಾಣ್ದಿದ್ರೆ ಅವಳು ಇಲ್ಲ ಅಂತೇನಪ್ಪ? ಹಿಂದಿನ ರಾತ್ರಿ ಅವರ ಪರವಾಗಿ ನಾನು ನೋಡ್ಕೊಂಡು ಬಂದಿರ್ತೀನಿ," ಎಂದರು.

ಅದು ನಿಜವೇ. ಬೇಸಿಗೆಯ ಮದುವೆ ಕಾಲದಲ್ಲಿ ಸಂಜೆಯ ಜಪ ಮುಗಿಸಿ, ಊಟಕ್ಕೆ ಮುಂಚೆ ಅವರು ಮಾಳಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಲ್ಲುವುದನ್ನು ನಮ್ಮ ಮಾಳಿಗೆಯಿಂದ ನೋಡಿದ್ದೇನೆ. ಕಣ್ಣು ಚೆನ್ನಾಗಿತ್ತು. ಪಂಚಾಂಗ ಓದಲು ಮಾತ್ರ ಕನ್ನಡಕ.

ಆಮೇಲೆ ನಮ್ಮ ಸರ್ಕಲ್ಲಿಗೆ ಹೈಮಾಸ್ಟ್ ಲೈಟು ಬಂತು. ಬೀದಿಯವರೆಲ್ಲ ಖುಷಿಪಟ್ಟರು, ನಾನೂ ಪಟ್ಟೆ. ಮಾಳಿಗೆಯ ಮೇಲೆ ಅಕ್ಕಿ ಆರಿಸುವಷ್ಟು ಬೆಳಕು. ಆ ಬೇಸಿಗೆಯಲ್ಲೇ ಜೋಯಿಸರು ಇದ್ದಕ್ಕಿದ್ದಂತೆ ಮೆತ್ತಗಾದರು. ಮುಂದಿನ ವರ್ಷದ ಮುಹೂರ್ತ ಕೇಳಿಕೊಂಡು ಬಂದವರಿಗೆ "ಬೇರೆಯವರನ್ನ ನೋಡ್ಕೊಳ್ಳಿ" ಅನ್ನತೊಡಗಿದರು. ಸ್ಕೂಟರಿನಲ್ಲಿ ಕೂರುವಾಗ ಬ್ಯಾಗು ಚರ್ಮದ್ದೇ ಎಂದು ಕೇಳುವುದನ್ನೂ ಬಿಟ್ಟರು.

ಕಾರಣ ಹೇಳಿದ್ದು ಅವರ ಮಗಳು. ಒಬ್ಬಳೇ ಮಗಳು, ಬಿ.ಎಡ್. ಓದುತ್ತಿದ್ದಳು. ಒಂದು ದಿನ ಕಾಂಪೌಂಡಿನ ಹತ್ತಿರ ನಿಂತು ಅತ್ತಳು.

"ಅಣ್ಣಾ, ನೀವಾದ್ರೂ ಅಪ್ಪನಿಗೆ ಹೇಳಿ. ಅರುಂಧತಿ ಕಾಣ್ಲಿಲ್ವಂತೆ. ಕಾಣ್ದಿದ್ರೆ ಆರು ತಿಂಗಳಿಗಿಂತ ಹೆಚ್ಚು ಬದುಕಲ್ವಂತೆ. ಅಷ್ಟರೊಳಗೆ ನನ್ನ ಮದುವೆ ಮಾಡ್ಬೇಕು ಅಂತ ಆ ಚಿಂತಾಮಣಿ ಸಂಬಂಧಕ್ಕೆ ಹ್ಞೂ ಅಂದುಬಿಟ್ಟಿದ್ದಾರೆ. ಅವರು ಮುಂದಕ್ಕೆ ಓದ್ಸಲ್ಲ, ಕೆಲಸಕ್ಕೂ ಕಳ್ಸಲ್ಲ ಅಂದೋರು. ನಾನು ಆಗ್ಲೇ ಬೇಡ ಅಂದಿದ್ದೆ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ನೇರವಾಗಿ ಹೋಗಿ ಜೋಯಿಸರಿಗೆ ಹೇಳಿದೆ: ಅದು ಹೈಮಾಸ್ಟ್ ಲೈಟಿನ ಕಾಟ, ಎದುರಿಗೆ ಲೈಟಿದ್ದರೆ ಹಿಂದಿರುವುದು ನನ್ನ ಕ್ಯಾಮೆರಾಕ್ಕೂ ಬೀಳುವುದಿಲ್ಲ.

"ವಸಿಷ್ಠರು ಕಾಣ್ತಾರಲ್ಲಪ್ಪ. ಅವಳೊಬ್ಬಳೇ ಯಾಕೆ ಕಾಣಲ್ಲ?" ಎಂದರು. ಆ ದನಿಯಲ್ಲಿ ಹೆದರಿಕೆಯಿರಲಿಲ್ಲ, ದಣಿವಿತ್ತು. ಅದಕ್ಕೇ ನನಗೆ ಹೆದರಿಕೆಯಾದದ್ದು.

ಅಮಾವಾಸ್ಯೆಯ ಹಿಂದುಮುಂದಿನ ಒಂದು ಸಂಜೆ, ಕತ್ತಲಾಗುತ್ತಿದ್ದಂತೆ, ಅವರನ್ನು ಬಲವಂತವಾಗಿ ಸ್ಕೂಟರಿಗೆ ಹತ್ತಿಸಿ ತೊಂಡೇಬಾವಿ ಕಡೆ ಕರೆದುಕೊಂಡು ಹೋದೆ. ಊರು ದಾಟಿ, ಮಣ್ಣುದಾರಿ ಹಿಡಿದು, ಉತ್ತ ಹೊಲವೊಂದರ ಬದುವಿನ ಮೇಲೆ ನಿಂತೆವು. ದೂರದಲ್ಲಿ ಕುಡುಮಲಕುಂಟೆ ಕಾರ್ಖಾನೆಗಳ ಬೆಳಕು ಆಕಾಶದ ಅಂಚಿಗೆ ಕೆಂಪಗೆ ಹತ್ತಿಕೊಂಡಿತ್ತು. ಅದರ ಮೇಲೆ ಕತ್ತಲೆ. ಅಬ್ಬಾ, ಎಷ್ಟು ನಕ್ಷತ್ರ! ಇಷ್ಟು ಹತ್ತಿರದಲ್ಲೇ ಇಷ್ಟೆಲ್ಲ ಇದ್ದದ್ದನ್ನು ನಾನು ಮರೆತೇಬಿಟ್ಟಿದ್ದೆ. ಜೋಯಿಸರು ತಲೆ ಎತ್ತಿದರು. ಶಲ್ಯವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಅವರಿಗೆ ಕಾಣದಿದ್ದರೆ ಏನು ಗತಿ, ಆ ಹುಡುಗಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

"ಇದ್ದಾಳೆ ಕಣಪ್ಪ," ಎಂದರು ಕೊನೆಗೆ. "ಅಲ್ಲೇ ಇದ್ದಾಳೆ." ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಅಭ್ಯಾಸಬಲದಿಂದಲೋ ಏನೋ ಕೈ ಎತ್ತಿ ತೋರಿಸಿ ನನ್ನನ್ನು ಕೇಳಿದರು: "ನಿನಗೆ ಕಾಣ್ತೇನಪ್ಪ?"

ನಾನು ನೋಡಿದೆ. ವಸಿಷ್ಠರಿದ್ದರು. ಪಕ್ಕದಲ್ಲಿ ಏನೂ ಇರಲಿಲ್ಲ. ವರ್ಷಗಟ್ಟಲೆ ವಿಡಿಯೋ ಲೈಟಿನ ಎದುರು ಕಣ್ಣು ಕೀಲಿಸಿದವನು ನಾನು, ದೂರದ್ದು ಮಂಜಾಗುತ್ತಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ.

"ಕಾಣ್ತು ಜೋಯಿಸರೆ," ಎಂದೆ.

ಅವರು ಆಕಾಶ ಬಿಟ್ಟು ನನ್ನ ಮುಖ ನೋಡಿದರು. "ಸುಳ್ಳು ಹೇಳ್ತಿದ್ದೀಯ ಕಣಪ್ಪ. ಈ 'ಕಾಣ್ತು' ಅನ್ನೋದನ್ನ ನಾನು ಜೀವಮಾನವೆಲ್ಲ ಕೇಳಿದ್ದೀನಿ."

ವಾಪಸು ಬರುವಾಗ ಬ್ಯಾಗು ಮುಂದೆ ನನ್ನ ಕಾಲಿನ ಹತ್ತಿರವಿತ್ತು, ನಡುವೆ ಏನೂ ಇರಲಿಲ್ಲ. ಜೋಯಿಸರು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು.

ಮಾರನೆಯ ದಿನವೇ ಚಿಂತಾಮಣಿಯವರಿಗೆ ಬೇಡವೆಂದು ಹೇಳಿ ಕಳಿಸಿದರು. ಮಗಳು ಓದಿಗೆ ಕೂತಳು. ಆದರೆ ಜೋಯಿಸರ ಮುಖದಲ್ಲಿ ಗೆಲುವು ಬರಲಿಲ್ಲ. ತಮ್ಮ ಸಾವು ತಪ್ಪಿ ನನ್ನ ತಲೆಯ ಮೇಲೆ ಬಂದು ಕೂತಿದೆ ಎಂದು ಅವರು ನಂಬಿಬಿಟ್ಟಿದ್ದರು! ನನ್ನನ್ನು ತಾವೇ ಬಸ್ಸು ಹತ್ತಿಸಿಕೊಂಡು ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಕನ್ನಡಕ ಬಂತು. ಅಷ್ಟಕ್ಕೂ ಅವರಿಗೆ ಸಮಾಧಾನವಿಲ್ಲ. ದಿನಾ ಬೆಳಗ್ಗೆ ನಮ್ಮ ಬಾಗಿಲಲ್ಲಿ ಸಣ್ಣ ಲೋಟದಲ್ಲಿ ತೀರ್ಥ ಹಿಡಿದು ನಿಲ್ಲುವರು. "ಎದ್ದಿದ್ದೀಯೇನಪ್ಪ?"

ನಾನು ಹಾಸಿಗೆಯಲ್ಲೇ ಗೊಣಗುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ಅವರು ನನ್ನ ಹೆಸರಿನಲ್ಲಿ ಮೃತ್ಯುಂಜಯ ಜಪ ಮಾಡುತ್ತಿದ್ದಾರೆಂದು ಅವರ ಮಗಳು ಹೇಳಿದ ಮೇಲೆ ಹೆಂಡತಿ ನಗಲಿಲ್ಲ, ನಾನೂ ಗೊಣಗಲಿಲ್ಲ.

ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಒಂದು ಬೆಳಗ್ಗೆ ತೀರ್ಥ ಕೊಟ್ಟ ಜೋಯಿಸರು ಹೋಗದೆ ನಿಂತೇ ಇದ್ದರು. ಬಾಯ್ತುಂಬ ನಗು.

"ಆರು ತಿಂಗಳಾಯ್ತು ಕಣಪ್ಪ. ನಿನ್ನ ವಿಷಯದಲ್ಲಿ ಶಾಸ್ತ್ರ ತಪ್ಪಿತು," ಎಂದರು. "ತಪ್ಪಲಿ ಬಿಡು."

ಶಾಸ್ತ್ರವನ್ನೇ ಉಸಿರಾಡಿದ ಆ ಮನುಷ್ಯ, ನಾನು ಬದುಕಿದ್ದಕ್ಕೆ, ಶಾಸ್ತ್ರ ಸೋತದ್ದಕ್ಕೆ ಹಾಗೆ ನಕ್ಕರು. ನನ್ನ ಸ್ವಂತ ಅಪ್ಪನೂ ನನ್ನನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಅವರ ಮಗಳಿಗೆ ಟೀಚರ್ ಕೆಲಸ ಸಿಕ್ಕಿತು, ಅವಳೇ ಒಪ್ಪಿದವನ ಜೊತೆ ಮದುವೆಯೂ ಆಯಿತು. ಅರುಂಧತಿ ತೋರಿಸುವಾಗ ನಾನು "ಇನ್ನೊಂದ್ಸಲ" ಅನ್ನಲಿಲ್ಲ, ಮೊದಲ ಸಲಕ್ಕೇ ಸರಿಯಾಗಿ ಹಿಡಿದೆ. ಅದಾದ ಕೆಲವು ವರ್ಷಕ್ಕೆ ಜ್ವರವೆಂದು ಮಲಗಿದ ಜೋಯಿಸರು ಏಳಲಿಲ್ಲ. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದೆ. ಮಡಿಯ ಮಾತೆತ್ತಿ ಯಾರೂ ಬೇಡ ಅನ್ನಲಿಲ್ಲ...

ಈಗ ಮದುವೆಗಳಲ್ಲಿ ಡ್ರೋನು ಹಾರಿಸುತ್ತೇವೆ. ಹೊಸ ಹುಡುಗ ಪುರೋಹಿತರು ಅದರ ಕಡೆಗೇ ಕೈ ತೋರಿಸಿ "ಅರುಂಧತಿ ನೋಡಿ" ಅನ್ನುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ನನಗೆ ಸಾಕಾಗಿದೆ. ಕೈ ನಡುಗುತ್ತದೆ, ಆಲ್ಬಮ್ಮು ಯಾರಿಗೂ ಬೇಡ. ಪಕ್ಕದ ಮನೆ ಕೆಡವಿ ಮೊಬೈಲ್ ಶೋರೂಮು ಕಟ್ಟಿದ್ದಾರೆ, ಅದರ ಬೋರ್ಡು ಬೆಳಗಿನವರೆಗೂ ಉರಿಯುತ್ತದೆ.

ಭಾನುವಾರ ಅಕ್ಷತೆ ಕಾಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕತ್ತಲಾದ ಮೇಲೆ ಮಾಳಿಗೆ ಹತ್ತಿದೆ. ಕನ್ನಡಕ ಒರೆಸಿ ಹಾಕಿಕೊಂಡು ಉತ್ತರಕ್ಕೆ ನೋಡಿದೆ. ಆಕಾಶ ಅಕ್ಕಿ ತೊಳೆದ ನೀರಿನ ಹಾಗಿತ್ತು. ಈಗ ವಸಿಷ್ಠರೂ ಕಾಣುವುದಿಲ್ಲ. ಕಣ್ಣು ಹೋಗಿದೆಯೋ, ಬೆಳಕು ಹೆಚ್ಚಾಗಿದೆಯೋ ಗೊತ್ತಾಗಲಿಲ್ಲ. ತೊಂಡೇಬಾವಿಯವರೆಗೆ ಹೋಗಿ ನೋಡುವ ಶಕ್ತಿಯೂ ಇಲ್ಲ.

"ಕಾಣ್ತು ಜೋಯಿಸರೆ," ಎಂದೆ, ಗಟ್ಟಿಯಾಗಿಯೇ.

ಸುಳ್ಳು ಅನ್ನುವುದಕ್ಕೆ ಯಾರೂ ಇರಲಿಲ್ಲ.