ಒಂದೇ ಸೀರೆ, ಮೂವರು ನೇಕಾರರು

ನನ್ನ ಮಗಳು ಮನೆಯಲ್ಲೇ ಕಲಿತವಳು. ಇಷ್ಟು ಹೇಳಿದರೆ ಸಾಕು, ಜನ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ, ಶೋಕಿಗಾಗಿ ಶಾಲೆ ಬಿಡಿಸಿದ್ದೇನೋ ಎಂಬಂತೆ. ಎರಡನೆಯ ತರಗತಿಯಲ್ಲಿದ್ದಾಗ ಅವಳಿಗೆ ಶಾಲೆಯಲ್ಲೇ ಎರಡು ಸಲ ಫಿಟ್ಸ್ ಬಂತು. ಪೂರ್ತಿ ಆರಾಮಾಗುವ ತನಕ ಕಳಿಸಬೇಡಿ, ನಮಗೆ ಆ ಜವಾಬ್ದಾರಿ ಬೇಡ ಎಂದರು ಶಾಲೆಯವರು. ಗುಳಿಗೆ ನುಂಗುವುದು ಆರು ವರ್ಷ ನಡೆಯಿತು. ಅಷ್ಟರಲ್ಲಿ ಹಾಜರಿ ಪುಸ್ತಕದಿಂದ ಅವಳ ಹೆಸರು ಹೋಗಿತ್ತು. ಕಳಿಸಬೇಡಿ ಎಂದವರೂ ಅವರೇ, ಬರಲಿಲ್ಲವೆಂದು ಹೆಸರು ಹೊಡೆದವರೂ ಅವರೇ. ಈಗ ನೆನೆಸಿದರೂ ನನ್ನ ಮೈ ಉರಿಯುತ್ತದೆ.

ಹಾಗಾಗಿ ರಬಕವಿಯ ನಮ್ಮ ಮನೆಯಲ್ಲಿ, ಅವಳಪ್ಪನ ಕೈಮಗ್ಗದ ಪಕ್ಕದಲ್ಲಿ ಕೂಡಿಸಿಕೊಂಡು ನಾನೇ ಕಲಿಸಿದೆ. ನಾನು ಪಿಯುಸಿ ಓದಿದವಳು. ನೂಲು ಸುತ್ತುತ್ತ ನಾನು ಪಾಠ ಹೇಳುವುದು, ಮಗ್ಗದ ಸಪ್ಪಳದ ಮೇಲೆ ದನಿ ಏರಿಸಿ ಅವಳು ಒಪ್ಪಿಸುವುದು. ಓಣಿಯ ಮಕ್ಕಳು ಓದಿ ಬಿಟ್ಟ ಪುಸ್ತಕಗಳಲ್ಲೇ ಎಂಟನೆಯ ತರಗತಿಯವರೆಗೆ ಮುಗಿಸಿದಳು. ಗುಳಿಗೆಯೂ ನಿಂತಿತು. ಅವಳಿಗಿದ್ದ ಆಸೆ ಒಂದೇ: ಎದುರು ಮನೆಯ ಗೆಳತಿಯ ಜೊತೆ ಒಂಬತ್ತನೆಯ ತರಗತಿಯಲ್ಲಿ ಕೂಡಬೇಕು, ಅವಳ ಜೊತೆಯೇ ಹತ್ತನೆಯ ಪರೀಕ್ಷೆ ಬರೆಯಬೇಕು.

ಮನೆಯಲ್ಲಿ ಕಲಿತ ಹುಡುಗಿಗೆ ಯಾವ ಪರೀಕ್ಷೆ ಇದೆ ಎಂದು ಕೇಳಿಕೊಂಡು ತಿರುಗಿದೆ. ಒಂದು ಕಚೇರಿಯ ಕ್ಲರ್ಕ್ ಯಾವ ಶಾಲೆ ಎಂದ. ಮನೆಯಲ್ಲೇ ಕಲಿತಿದ್ದಾಳೆ ಎಂದೆ. "ಮನಿಗೆ ಕೋಡ್ ನಂಬರ ಇರೂದಿಲ್ರಿ" ಎಂದು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ. ಖಾಸಗಿ ಅಭ್ಯರ್ಥಿಯಾಗಿ ನೇರ ಹತ್ತನೆಯ ಪರೀಕ್ಷೆಗೆ ಕೂಡಿಸಬಹುದು, ಆದರೆ ವಯಸ್ಸು ತುಂಬುವ ತನಕ ಕಾಯಿರಿ ಎಂದರು ಇನ್ನೊಬ್ಬರು. ಮುಧೋಳದಲ್ಲಿ ಒಬ್ಬರು ಮುಕ್ತ ಶಾಲೆಯ ಪರೀಕ್ಷೆ ಬರೆಸಿರಿ, ಅದಕ್ಕೆ ಶಾಲೆಯೇ ಬೇಡ ಎಂದಾಗ ಜೀವ ಬಂದಂತಾಯಿತು. ಕನ್ನಡದಲ್ಲಿ ಯಾವ ಯಾವ ವಿಷಯ ಬರೆಯಬಹುದು ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇನೆ ಎಂದರು. ಪುಣ್ಯಾತ್ಮರು ಇನ್ನೂ ವಿಚಾರಿಸುತ್ತಲೇ ಇದ್ದಾರೆ.

ಕೊನೆಗೆ ಜಮಖಂಡಿಯ ಒಂದು ಶಾಲೆಯವರು, ಎದುರು ಮನೆಯ ಹುಡುಗಿ ಹೋಗುವ ಶಾಲೆಯವರೇ, ತಾವೇ ಒಂದು ಪರೀಕ್ಷೆ ಇಡುತ್ತೇವೆ, ನೂರಕ್ಕೆ ಅರವತ್ತು ಬಂದರೆ ಒಂಬತ್ತಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಮಗಳು ಬರೆದಳು. ಐವತ್ತೆಂಟು ಬಂತು.

ಹೆಡ್‌ಮಾಸ್ತರರು ಉತ್ತರಪತ್ರಿಕೆ ತೋರಿಸಿದರು. ಎರಡು ಅಂಕದ ಒಂದು ಲೆಕ್ಕಕ್ಕೆ ಕೆಂಪು ಗೀಟು ಹೊಡೆದಿತ್ತು. ಒಬ್ಬ ನೇಕಾರ ಒಂದು ಸೀರೆಯನ್ನು ಆರು ದಿನಗಳಲ್ಲಿ ನೇಯ್ದರೆ, ಅದೇ ಸೀರೆಯನ್ನು ಮೂವರು ನೇಕಾರರು ಎಷ್ಟು ದಿನಗಳಲ್ಲಿ ನೇಯುತ್ತಾರೆ? ನನ್ನ ಮಗಳು ಬರೆದಿದ್ದಳು: ಆರೇ ದಿನ. ಮಗ್ಗದಲ್ಲಿ ಒಬ್ಬರೇ ಕೂಡುವುದು.

"ಹುಡುಗಿ ಶಾಣ್ಯಾ ಅದಾಳ್ರಿ ಅಕ್ಕಾರ" ಎಂದರು ಹೆಡ್‌ಮಾಸ್ತರರು. "ಆದ್ರ ಉತ್ತರ ಎರಡು ದಿನ ಅಂತ ಐತಿ. ನಾ ಏನ್ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. "ಸರ, ಒಂದ ಮಗ್ಗದಾಗ ಮೂರು ಮಂದೀನ ಕುಂಡ್ರಿಸಿ ತೋರಸ್ರಿ. ನಾ ಈಗಿಂದೀಗ ಮಗಳನ್ನ ಕರಕೊಂಡು ಹೊಳ್ಳಿ ಹೋಗ್ತೇನಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮನೆಯಲ್ಲೂ ನಮ್ಮೂರಿನ ಸೀರೆ ಒಂದಾದರೂ ಇದ್ದೇ ಇರುತ್ತದೆ. ಅದು ಹೇಗೆ ಸೀರೆಯಾಯಿತು ಎಂಬುದು ಪ್ರಶ್ನೆ ಬರೆದವರಿಗೂ ಬೇಕಿಲ್ಲ, ತಿದ್ದಿದವರಿಗೂ ಬೇಕಿಲ್ಲ. ಮನೆಯಲ್ಲಿ ಕಲಿತವರಿಗೆ ಲೋಕಜ್ಞಾನ ಇರುವುದಿಲ್ಲ ಎಂದು ನನಗೆ ಎಷ್ಟು ಜನ ಹೇಳಿದ್ದರೋ! ಅಂಕ ಮಾತ್ರ ಹೆಚ್ಚಲಿಲ್ಲ. ಉಪಕಾರವೆಂಬಂತೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಬರೆಸಿ ಎಂದರು.

ಬಸ್ಸಿನಲ್ಲಿ ಮಗಳು ನನ್ನ ಕಡೆ ನೋಡದೆ ಹೇಳಿದಳು: "ಎರಡು ಅಂತ ಬರೀಬೇಕಂತ ನನಗ ಗೊತ್ತಿತ್ತು ಬೇ. ಅಪ್ಪ ಕೇಳಿದ್ರ ಏನ್ ಹೇಳ್ಲಿ ಅಂತ ಬರೀಲಿಲ್ಲ."

ಭೇಷ್ ಮಗಳೇ ಅನ್ನಬೇಕಿತ್ತು. ಅನ್ನಲಿಲ್ಲ. ಎದುರು ಮನೆಯ ಹುಡುಗಿ ಆಗಲೇ ಹೊಸ ಪುಸ್ತಕಗಳಿಗೆ ರಟ್ಟು ಹಾಕಿಕೊಂಡಿದ್ದಳು. ಹದಿನೈದು ದಿನ ಅಂಥವೇ ಲೆಕ್ಕ ಮಾಡಿಸಿದೆ. ಮಂದಿ ಹೆಚ್ಚಾದರೆ ದಿನ ಕಡಿಮೆ, ಯೋಚಿಸಬೇಡ, ಭಾಗಿಸು. ಮಗ್ಗದ ಮುಂದೆ ಕೂತು ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತಿತ್ತು, ಅವಳನ್ನು ಅಡಿಗೆಮನೆಗೆ ಕರೆದೊಯ್ದು ಹೇಳಿಕೊಡುತ್ತಿದ್ದೆ. ಆರು ವರ್ಷದಲ್ಲಿ ನಾನು ಕದ್ದು ಕಲಿಸಿದ ಪಾಠ ಅದೊಂದೇ.

ಎರಡನೆಯ ಸಲವೂ ಅದೇ ಬಗೆಯ ಲೆಕ್ಕ ಬಂತು. ಈ ಸಲ ನಾಲ್ವರು ನೇಕಾರರು, ಎಂಟು ದಿನದ ಸೀರೆ. ಅರವತ್ತೆರಡು ಅಂಕ ಬಿದ್ದವು. ಒಂಬತ್ತನೆಯ ತರಗತಿಗೆ ಹೆಸರು ಹಚ್ಚಿಸಿಕೊಂಡು ಮನೆಗೆ ಬಂದೆವು.

ಅವಳಪ್ಪ ಮಗ್ಗ ನಿಲ್ಲಿಸಿ, ಏನೇನು ಕೇಳಿದ್ದರು ಎಂದು ಪ್ರೀತಿಯಿಂದ ವಿಚಾರಿಸಿದರು. ಅವಳು ಆ ಲೆಕ್ಕವನ್ನು ಹೇಳಿದಳು, ಎರಡು ದಿನ ಎಂದು ಬರೆದೆ ಎಂದೂ ಹೇಳಿದಳು. ಅವರಿಗೆ ನಗು ತಡೆಯಲಾಗಲಿಲ್ಲ.

"ಉಳದ ಮೂರು ಮಂದಿ ಎಲ್ಲಿ ಕುಂಡ್ರತಾರಲೇ?"

ಮಗಳು ನಗಲಿಲ್ಲ. "ಸಾಲ್ಯಾಗ ಹಂಗ ಕೇಳಬಾರ್ದಪ್ಪಾ" ಎಂದಳು. "ಕೇಳಿದ್ರ ಮನ್ಯಾಗ ಕುಂಡ್ರಸ್ತಾರ."