ಪ್ರಶ್ನೆ ಚಿಹ್ನೆಗಳು ಕನ್ನಡವಾದಾಗ

ಅಮೆರಿಕದ ಬೆಲ್ವ್ಯೂ ಆಫೀಸಿನಲ್ಲಿ ಮೊನ್ನೆ ನನ್ನ ಪರದೆಯ ಮೇಲೆ ಇದ್ದಕ್ಕಿದ್ದಂತೆ ಕನ್ನಡ ಮೂಡಿತು. ಪಕ್ಕದ ಸೀಟಿನಲ್ಲಿದ್ದ ಗೆಳತಿ ನಸ್ರೀನ್ ಮೈಸೂರಿಗೆ ವಾಪಸಾಗುವ ಮೊದಲು ಬರೆದಿದ್ದ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ವರ್ಷನ್‌ನಿಂದ ಹೊಸದಕ್ಕೆ ಬದಲಾಯಿಸಿ ಓಡಿಸಿದ್ದೆ.

ಹಳೆಯದು ಕೆಲಸ ಮುಗಿಸಿದಾಗಲೆಲ್ಲ ಕೊನೆಗೆ ಒಂದು ಸಾಲು ಪ್ರಶ್ನೆ ಚಿಹ್ನೆಗಳನ್ನು ಕಾರುತ್ತಿತ್ತು. "ಏನೇ ಈ ಕಸ?" ಎಂದು ನಾನು ರೇಗಿದರೆ, "ಕಸ ಅಲ್ಲ ಕಣೇ, ಈ ವರ್ಷನ್‌ಗೆ ಕನ್ನಡ ಬರಲ್ಲ ಅಷ್ಟೇ" ಎಂದು ನಸ್ರೀನ್ ನಗುತ್ತಾ ನನ್ನನ್ನು ಟೀಗೆ ಎಳೆದೊಯ್ಯುತ್ತಿದ್ದಳು.

ಈಗ ಅದೇ ಸಾಲು ಸ್ವಚ್ಛವಾಗಿ ಕಾಣಿಸಿತು: "ಮುಗೀತು. ಏಳೇ, ಟೀಗೆ ಹೋಗೋಣ."

ಓದಿದವಳೇ ಎದ್ದು ನಿಂತುಬಿಟ್ಟೆ. ಆ ಸೀಟಿಗೆ ಹೊಸದಾಗಿ ಬಂದಿರುವಾತ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ.

ಆ ಸಾಲನ್ನು ಅಳಿಸಿಲ್ಲ. ಈಗ ದಿನಾ ಕೆಲಸ ಮುಗಿದೊಡನೆ ನಸ್ರೀನ್ ಕರೆಯುತ್ತಾಳೆ. ಮಗ್ ಹಿಡಿದು ಒಬ್ಬಳೇ ಹೋಗುತ್ತೇನೆ.