ವರ್ಷದಿಂದ ಉಡದ ಸೀರೆ

ಒಂದು ವರ್ಷ ಉಡದ ಸೀರೆ ನಿಮ್ಮದಲ್ಲ, ಕೊಟ್ಟುಬಿಡಿ. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ಹೀಗೆ ಹೇಳಿದಳು. ಅವಳ ಹಿಂದೆ ಬಿಳಿ ಗೋಡೆ, ಕಿಟಕಿಯಲ್ಲಿ ಎರಡು ಕುಂಡ, ಅರ್ಧ ಖಾಲಿ ಕಪಾಟು. ವಸಂತ ಬಂತು, ಮನೆ ಹಗುರ ಮಾಡಿ, ಗಿಡ ನೆಡಿ, ಗೆಳತಿಯರ ಜೊತೆ ಹೊರಗೆ ಹೋಗಿ ಬನ್ನಿ. ಒಳ್ಳೆಯ ಮಾತೇ. ತನ್ನ ಕಪಾಟಿನ ಕೀಲಿ ತನ್ನ ಕೈಯಲ್ಲಿ ಇದ್ದವರಿಗೆ ಹೇಳಿದ ಒಳ್ಳೆಯ ಮಾತು. ಅದೇ ಮಾತು ಉಮರ್ಗಾದ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಮನೆಯನ್ನು ಹೊಕ್ಕಾಗ ಏನಾಯಿತು ಎಂಬುದನ್ನು ಬರೆಯದೆ ನನಗೆ ನಿದ್ದೆ ಬರುವಂತಿಲ್ಲ.

ಆ ಮನೆಯ ಹಿರಿಸೊಸೆ ಶಿವಕಾಂತಾ. ಆಳಂದದ ಕಡೆಯ ಹಳ್ಳಿಯವಳು. ಮದುವೆಯಾಗಿ ಗಡಿ ದಾಟಿ ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಗಿರಾಕಿ ಹೆಸರುಬೇಳೆ ಕೇಳಿದರೆ ಉದ್ದಿನಬೇಳೆ ತೂಗಿ ಕೊಟ್ಟು, 'ಎರಡೂ ಬ್ಯಾಳೀನೇ, ಒಯ್ರಿ' ಎನ್ನುತ್ತಿದ್ದಳಂತೆ. ವರ್ಷ ತುಂಬುವುದರಲ್ಲಿ ಗಂಡ ಉಮಾಕಾಂತನಿಗಿಂತ ಚುರುಕಾಗಿ ಗಲ್ಲೆಯ ಮೇಲೆ ಕೂತು ವ್ಯಾಪಾರ ಮಾಡಿದಳು. ಬಣ್ಣದ ಹುಚ್ಚು ಬೇರೆ. ಅಂಗಡಿಗೂ ಗಿಳಿಹಸಿರು, ಸಾಸಿವೆ ಹಳದಿ, ಮುತ್ತುಗದ ಹೂವಿನಂಥ ಕೇಸರಿ ಉಟ್ಟು ಇಳಿಯುತ್ತಿದ್ದಳು. 'ವೈನಿ, ಇವತ್ತ ಯಾರ ಲಗ್ನ ಅದ?' ಎಂದು ಚೀಲ ಹೊರುವ ಹಮಾಲ ಚೇಷ್ಟೆ ಮಾಡಿದರೆ, 'ನಿಂದೇ ಅದ ಅಣ್ಣಾ, ಹುಡಗಿ ಒಂದು ಸಿಗವಲ್ಲಳು' ಎಂದು ತಿರುಗಿಸಿ ಹೊಡೆಯುತ್ತಿದ್ದಳು.

ಉಮಾಕಾಂತ ಹೆದ್ದಾರಿಯಲ್ಲಿ ಸತ್ತ. ಅವನದು ಮೋಟಾರ್‌ಸೈಕಲ್, ಎದುರಿಗೆ ಲಾರಿ. ಹೆದ್ದಾರಿಯ ದಂಡೆಯ ಊರುಗಳಿಗೆ ಇದು ಹೊಸ ಸಾವಲ್ಲ. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಮಾಣಿಕಬಾಯಿ ಸೊಸೆಯ ಬಳೆ ತೆಗೆಸಿದಳು, ಕುಂಕುಮ ಒರೆಸಿದಳು, ಬಣ್ಣದ ಸೀರೆಗಳನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿ, ಬೂದಿಬಣ್ಣದ್ದು, ಮಣ್ಣುಬಣ್ಣದ್ದು ತಂದು ಕೈಗಿಟ್ಟಳು. ಗಲ್ಲೆ ಮೈದುನ ಕೈಲಾಸನ ಪಾಲಾಯಿತು. ಶಿವಕಾಂತಾ ಹಿಂದಿನ ಗೋದಾಮಿನಲ್ಲಿ ಕಾಳು ಹಸನು ಮಾಡಲು ಕೂತಳು. ಇದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಶ್ರಾವಣದಲ್ಲಿ ಮಠಕ್ಕೆ ಹೋಗಿ ಪುರಾಣ ಕೇಳುವ, ಶರಣರಿಗೆ ಸೂತಕವಿಲ್ಲ ಎಂದಾಗ ಎಲ್ಲರಿಗಿಂತ ಮೊದಲು ತಲೆದೂಗುವ ಮನೆ. ವಾಪಸು ಬಂದು ಚಪ್ಪಲಿ ಬಿಡುವ ಜಾಗದಲ್ಲೇ ಆ ಮಾತನ್ನೂ ಬಿಟ್ಟು ಒಳಗೆ ಹೋಗುತ್ತಾರೆ.

ಎರಡು ವರ್ಷ ಹೀಗೇ ಕಳೆಯಿತು. ಈ ಸಲ ಪಾಡ್ವಾ, ಅಂದರೆ ಯುಗಾದಿ, ಮುಗಿದ ವಾರ, ಬೇವಿನ ಹೂವು ಇನ್ನೂ ಅಂಗಳದಲ್ಲಿ ಉದುರುತ್ತಿರುವಾಗ, ಶುಭಾಂಗಿ ಬಂದಳು. ಪೇಟೆಯ ಮಹಿಳಾ ಮಂಡಳಿಯನ್ನು ನಡೆಸುವವಳು, ಮಾತು ಸಕ್ಕರೆ. 'ವೈನಿ, ರವಿವಾರ ನಮ್ಮ ಮಂಡಳಿ ಸಹಲ್ ಹೊಂಟದ. ನಿಲಂಗಾದ ಗುಡಿ ನೋಡಿ ಉದಗೀರ ಕಿಲ್ಲಾದಾಗ ಊಟ. ಎಲ್ಲಾರೂ ಹಸಿರು ಸೀರಿ. ನೀವೂ ಬರ್ರಿ. ಈಗಿನ ಕಾಲದಾಗ ಯಾರೂ ಏನೂ ಅನ್ನಂಗಿಲ್ಲ.'

ಗುಡಿ ಎಂದ ಮೇಲೆ ಮಾಣಿಕಬಾಯಿ ಬೇಡ ಎನ್ನಲಿಲ್ಲ. ಹಸಿರಿನ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಶಿವಕಾಂತಾಳೂ ಹೇಳಲಿಲ್ಲ. ಮೇಲಿನ ಖಾನೆಯಲ್ಲಿ ಒಂದು ಹಸಿರು ಇಳಕಲ್ ಸೀರೆ ಇತ್ತು, ಕೆಂಪು ಸೆರಗಿನದು. ಮಗಳು ಪ್ರಣಿತಾ ಹೊಟ್ಟೆಯಲ್ಲಿದ್ದಾಗ ಕುಬಸಕ್ಕೆಂದು ತವರಿನವರು ಉಡಿಸಿದ್ದು. ಅದನ್ನು ಉಟ್ಟು ಒಂದು ದಿನ ಹೆಂಗಸರ ನಡುವೆ ಹೆಂಗಸಾಗಿ ಕೂತು ಬರಬೇಕು. ಇದಕ್ಕಿಂತ ದೊಡ್ಡದೇನನ್ನೂ ಆಕೆ ಕೇಳಿರಲಿಲ್ಲ. ಗೋದಾಮಿನ ಬಾಗಿಲು ಹಾಕಿಕೊಂಡು ಸೀರೆಯನ್ನು ಮೈಮೇಲೆ ಹಿಡಿದು ನೋಡುವಾಗ ಪ್ರಣಿತಾ ಬಂದುಬಿಟ್ಟಳು.

'ಅವ್ವಾ, ನೀ ಇಷ್ಟ ಛಂದ ಇದ್ದೇನು?'

'ಸುಮ್ಮ ಕೂಡ, ಅಜ್ಜಿಗಿ ಹೇಳಬ್ಯಾಡ,' ಎಂದು ಸೀರೆ ಮಡಚಿ ಮತ್ತೆ ಮೇಲಿನ ಖಾನೆಗೇ ಇಟ್ಟಳು.

ಅಷ್ಟರಲ್ಲಿ ಕಿರಿಸೊಸೆ ಸಪನಾ, ಅಂದರೆ ಕೈಲಾಸನ ಹೆಂಡತಿ, ಮೊಬೈಲಿನ ಪಾಠ ಮುಗಿಸಿ ಕೆಲಸಕ್ಕೆ ಇಳಿದಿದ್ದಳು. ಮನೆಯ ಕಪಾಟುಗಳೆಲ್ಲ ಬಾಯಿ ತೆರೆದವು. ತನ್ನ ಸೀರೆಗಳನ್ನೂ ತೆಗೆದಳು, ಸುಳ್ಳು ಹೇಳಬಾರದು. ಎರಡು ಹಳೇ ನೈಲಾನು, ಒಂದು ಬಣ್ಣ ಬಿಟ್ಟದ್ದು. ನಂತರ ಮೇಲಿನ ಖಾನೆಗೆ ಕೈ ಹಾಕಿದಳು.

'ಅಕ್ಕಾ, ಇವು ವರ್ಷದಿಂದ ಉಟ್ಟಿಲ್ಲ ನೀವು. ನಿಯಮ ಅಂದ್ರ ನಿಯಮ.'

'ಉಡಬ್ಯಾಡ ಅಂದವರು ಯಾರವ್ವಾ? ಉಡಾಕ ಬಿಡದೇ, ಉಟ್ಟಿಲ್ಲ ಅಂತ ಲೆಕ್ಕಾ ಹಾಕ್ತೀರೇನು?'

'ನಾ ಅಂದೀನೇನ್ರಿ? ಅತ್ತಿಯವರು ಅಂದಾರ.'

ನೋಡಿ, ಹೀಗೆ. ಅತ್ತೆಯನ್ನು ಕೇಳಿದರೆ ಸಮಾಜ ಎನ್ನುತ್ತಾಳೆ. ಸಮಾಜವನ್ನು ಕೇಳಲು ಅದರ ಮನೆ ಯಾವ ಗಲ್ಲಿಯಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಬಣ್ಣದ ಸೀರೆ ಬೇಡ ಎಂದವರೂ ಅವರೇ, ಬಣ್ಣದ ಸೀರೆ ಬಳಸುತ್ತಿಲ್ಲವಲ್ಲ ಎಂದವರೂ ಅವರೇ. ಸರಳ ಬದುಕನ್ನು ಈ ನಾಡಿನಲ್ಲಿ ವಿಧವೆಯರಿಗೆ ಕಲಿಸಲು ಹೊರಟವರ ನಾಲಿಗೆಗೆ ಬೇವಿನ ಹೂವು ಸಾಲದು, ತೊಗಟೆಯನ್ನೇ ಅರೆದು ಹಚ್ಚಬೇಕು.

'ಎಲ್ಲಾ ಒಯ್ಯಿ. ಹಸಿರೊಂದು ಇರಲಿ,' ಎಂದಳು ಶಿವಕಾಂತಾ. ಸಪನಾ ಆಯಿತು ಎಂದಳು.

ಶುಕ್ರವಾರ ಕುಸುಮಬಾಯಿ ಗಲ್ಲಿಗೆ ಬಂದಳು. ತಲೆಯ ಮೇಲಿನ ಬುಟ್ಟಿಯಲ್ಲಿ ಸ್ಟೀಲಿನ ಪಾತ್ರೆ, ಬೆನ್ನಿಗೆ ಹಳೇ ಬಟ್ಟೆಯ ಗಂಟು. ಬಟ್ಟೆ ಕೊಟ್ಟವರಿಗೆ ಪಾತ್ರೆ ಕೊಡುವವಳು. ಅವಳ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಗಂಟು ಮುಟ್ಟುವ ಮೊದಲು ಕೇಳುತ್ತಾಳೆ: ಇದ್ದವರದೋ, ಸತ್ತವರದೋ? ಇದ್ದವರ ಬಟ್ಟೆ ತೊಳೆದು ಇಸ್ತ್ರಿಯಾಗಿ ನಿಲಂಗಾದ ಸಂತೆಗೆ ಹೋಗುತ್ತದೆ, ಬಡವರು ಕೊಂಡು ಉಡುತ್ತಾರೆ. ಸತ್ತವರದನ್ನು ಯಾರ ಮೈಮೇಲೂ ಹಾಕುವುದಿಲ್ಲ. ಅದು ತುರೋರಿಯ ಗ್ಯಾರೇಜುಗಳಿಗೆ ಒರೆಸುವ ಚಿಂದಿಯಾಗಿ ಹೋಗುತ್ತದೆ. ಹಾಗಾಗಿ ಅದಕ್ಕೆ ಸಿಗುವ ಪಾತ್ರೆಯೂ ಸಣ್ಣದು.

ಶಿವಕಾಂತಾ ಆಗ ಹಿಟ್ಟಿನ ಗಿರಣಿಯಲ್ಲಿದ್ದಳು. ಸಪನಾ ಗಂಟು ಬಿಚ್ಚಿದಳು. ಕುಸುಮಬಾಯಿ ಎಂದಿನಂತೆ ಕೇಳಿದಳು. ಸಪನಾ 'ಇದ್ದವರದು' ಎನ್ನುವಷ್ಟರಲ್ಲಿ ಒಳಗಿನಿಂದ ಮಾಣಿಕಬಾಯಿ ಬಂದಳು.

'ಸುಳ್ಳ ಹೇಳಬ್ಯಾಡ. ಇವು ಮುತ್ತೈದಿ ಸೀರಿ ಅಲ್ಲ. ಸತ್ತಾರ ಗಂಟಿನಾಗ ಹಾಕು ಕುಸುಮಾ. ಯಾರದೋ ಮನಿ ಹೆಣ್ಮಗಳು ಉಟ್ಟು ಅಪಶಕುನ ಆದ್ರ ಆ ಪಾಪ ನಮ್ಮ ಮನಿಗಿ ಬ್ಯಾಡ.'

'ಹಂಗಾರ ಡಬ್ಬಿ ಸಣ್ಣದು ಬರ್ತದ ನೋಡ್ರಿ.'

'ಸಣ್ಣದೇ ಬರ್ಲಿ.'

ಇದೇ ನನ್ನ ಹೊಟ್ಟೆ ಉರಿಸುವುದು. ಮಾಣಿಕಬಾಯಿ ಕೆಟ್ಟವಳಾಗಿದ್ದರೆ ದೊಡ್ಡ ಡಬ್ಬಿಗೆ ಆಸೆಪಟ್ಟು ಸುಳ್ಳು ಹೇಳುತ್ತಿದ್ದಳು, ಸೀರೆ ಸಂತೆಯಲ್ಲಿ ಜೀವಂತ ಸಿಗುತ್ತಿತ್ತು. ಆಕೆ ಪ್ರಾಮಾಣಿಕಳು. ಊರವರ ಹೆಣ್ಣುಮಕ್ಕಳಿಗೆ ಒಳ್ಳೆಯದಾಗಲೆಂದು ತನ್ನ ಮನೆಯ ಹೆಣ್ಣುಮಗಳನ್ನು ಹೂತಳು. ಹಸಿರು ಸೀರೆಯೂ ಅದೇ ಗಂಟಿನಲ್ಲಿ ಹೋಯಿತು. ಸಪನಾಳಿಗೆ ನೆನಪಿತ್ತೋ, ಮರೆತಳೋ, ಅತ್ತೆಯ ಎದುರು ಅದನ್ನು ಎತ್ತಿಡಲು ಎದೆ ಸಾಲಲಿಲ್ಲವೋ. ಕೇಳಿದರೆ ಆಕೆ ಅಳುತ್ತಾಳೆ, ಅಷ್ಟೇ.

ಶನಿವಾರ ಬೆಳಿಗ್ಗೆ ಖಾಲಿ ಖಾನೆ ನೋಡಿದ ಶಿವಕಾಂತಾ ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ಹಿಂದಿನ ಕುಸುಮಬಾಯಿಯ ಗುಡಿಸಲಿಗೆ ಹೋದಳು.

'ಹಸಿರು ಇಳಕಲ್ಲಾ? ಅದು ನಿನ್ನೇನೇ ತುರೋರಿಗಿ ಹೋತಲ್ಲ ಬಾಯಿ, ಸತ್ತಾರ ಗಂಟಿನಾಗ.'

'ಸತ್ತಾರ ಗಂಟಿನಾಗ ಯಾಕ?'

'ನಿಮ್ಮ ಅತ್ತೀನೇ ಅಂದಳು.'

'ಯಾರ ಸತ್ತಾರಂತ?'

ಕುಸುಮಬಾಯಿ ಆಕೆ ಉಟ್ಟ ಬೂದಿಬಣ್ಣದ ಸೀರೆಯನ್ನು ತಲೆಯಿಂದ ಕಾಲಿನ ತನಕ ನೋಡಿದಳು. ನೋಡಿದ ಮೇಲೆ ತಿಳಿಯಿತು. 'ಯಾರ ಅಂತ ನಾ ಕೇಳ್ಲಿಲ್ಲವ್ವಾ, ತಪ್ಪಾತು,' ಎಂದು ಬುಟ್ಟಿ ಅಲ್ಲೇ ಬಿಟ್ಟು ಎದ್ದಳು. 'ಚಲ, ನಾನೂ ಬರ್ತೀನಿ. ಒಬ್ಬಾಕಿ ಹೋದ್ರ ಆ ಮಂದಿ ಮಸ್ಕರಿ ಮಾಡ್ತಾರ.'

ತುರೋರಿಯ ಗ್ಯಾರೇಜಿನಲ್ಲಿ ಯಾರೂ ಮಸ್ಕರಿ ಮಾಡಲಿಲ್ಲ. ಸೀರೆ ಆಗಲೇ ಮೊಳದುದ್ದದ ತುಂಡುಗಳಾಗಿ ಮೊಳೆಗೆ ಜೋತುಬಿದ್ದಿತ್ತು. ಮಿಸ್ತ್ರಿ ಕೆಂಪು ಸೆರಗಿನಿಂದ ಕೈ ಒರೆಸುತ್ತ ಲಾರಿಯ ಅಡಿಯಿಂದ ಹೊರಬಂದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. 'ಗೊತ್ತಿದ್ದಿಲ್ಲ ತಾಯಿ. ಮೆತ್ತಗ ಇತ್ತು, ಎಣ್ಣಿ ಛಲೋ ಎಳೀತಿತ್ತು. ಉಳಿದಿದ್ದು ಒಯ್ರಿ.' ಎಣ್ಣೆ ತಾಗದ ಒಂದೆರಡು ತುಂಡುಗಳನ್ನು ಮಡಚಿ ಮುಂದೆ ಹಿಡಿದ.

ಶಿವಕಾಂತಾ ತೆಗೆದುಕೊಳ್ಳಲಿಲ್ಲ. 'ಒರಸ್ಕೋ ಅಣ್ಣಾ,' ಎಂದಳು.

ಮನೆಗೆ ಬಂದು ನೇರ ಅತ್ತೆಯ ಎದುರು ನಿಂತಳು. ಮಾಣಿಕಬಾಯಿ ಮಾವಿನಕಾಯಿ ಹೆಚ್ಚುತ್ತಿದ್ದಳು.

'ಅತ್ತಿ, ನಾ ಸತ್ತೀನೇನು?'

ಈಳಿಗೆಯ ಮೇಲೆ ಮಾಣಿಕಬಾಯಿಯ ಕೈ ನಿಲ್ಲಲಿಲ್ಲ. ಆಕೆಯೂ ಗಂಡನನ್ನು ಕಳೆದುಕೊಂಡವಳು, ಕೈಲಾಸ ಇನ್ನೂ ಶಾಲೆಗೆ ಹೋಗುವಾಗಲೇ. 'ನನ್ನ ಸೀರಿ ಒಯ್ದಾಗ ನಮ್ಮತ್ತೀನೂ ಹಿಂಗೇ ಅಂದಿದ್ದಳು. ನಾ ಹಿಂಗ ಎದುರು ಬಂದು ಕೇಳಿದ್ದಿಲ್ಲ.'

'ನೀವು ಅವತ್ತ ಕೇಳಿದ್ದರ ನಂದು ಉಳೀತಿತ್ತು.'

ಕೈ ಆಗ ನಿಂತಿತು. ಒಂದು ಕ್ಷಣ, ಅಷ್ಟೇ. ಮತ್ತೆ ಹೆಚ್ಚತೊಡಗಿದಳು.

ರವಿವಾರ ಬೆಳಿಗ್ಗೆ ಸಪನಾ ತನ್ನದೇ ಒಂದು ಹಸಿರು ಸೀರೆ ಹಿಡಿದು ಬಂದಳು. ಕಣ್ಣು ಊದಿಕೊಂಡಿದ್ದವು. 'ಅಕ್ಕಾ, ಇದು ಉಟ್ಕೋರಿ.' ಒಳಗಿನಿಂದ ಅತ್ತೆಯ ದನಿ ಬಂತು: 'ಮುತ್ತೈದಿ ಸೀರಿ ಆಕಿಗಿ ಉಡಿಸಿ ನಿನ್ನ ಗಂಡನ ಆಯುಷ್ಯದ ಸಂಗಾಟ ಆಟ ಆಡ್ತೇನು?' ಸಪನಾಳ ಕೈ ತಾನಾಗಿಯೇ ಹಿಂದೆ ಸರಿಯಿತು. ಆ ಕೈಯನ್ನು ಬೈಯುವುದು ಸುಲಭ. ನಮ್ಮ ಮನೆಗಳಲ್ಲಿ ಎಷ್ಟು ಕೈ ಸರಿಯದೆ ನಿಂತಾವು, ಹೇಳಿ.

ಆದರೂ ಶಿವಕಾಂತಾ ಸಪನಾಳ ಜೊತೆ ಹೋದಳು. ಮನೆಯಲ್ಲಿ ಕೂತರೆ ಸತ್ತವಳು ಎಂದು ಸಹಿ ಮಾಡಿಕೊಟ್ಟಂತೆ ಎಂದು ಹೋದಳು. ಎರಡು ಜೀಪುಗಳ ತುಂಬ ಹಸಿರು, ಅದರ ಮೂಲೆಯಲ್ಲಿ ಬೂದಿಬಣ್ಣ. ದಾರಿಯುದ್ದಕ್ಕೂ ಹಾಡು, ನಗು. ಆಕೆಯೂ ನಕ್ಕಳು. ನಿಲಂಗಾದ ಗುಡಿಯಲ್ಲಿ ಅರಿಶಿನ ಕುಂಕುಮದ ಬಟ್ಟಲು ಕೈಯಿಂದ ಕೈಗೆ ಬಂತು. ಆಕೆಯ ಹತ್ತಿರ ಬಂದಾಗ ಪಕ್ಕದವಳು ಮುಂದಕ್ಕೆ ಬಾಗಿ, ಆಕೆಯ ಮಡಿಲ ಮೇಲಿನಿಂದಲೇ ಆಚೆಯವಳಿಗೆ ದಾಟಿಸಿದಳು. ಯಾರೂ ಏನೂ ಅನ್ನಲಿಲ್ಲ. ಶುಭಾಂಗಿ ಹೇಳಿದ್ದು ನಿಜವೇ, ಈಗಿನ ಕಾಲದಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಉದಗೀರ ಕಿಲ್ಲೆಯಲ್ಲಿ ಊಟ ಮುಗಿಯಿತು. ಮಾವಿನಕಾಯಿ ಹಾಕಿದ ಕಡಲೆಬೇಳೆ ಬಡಿಸಿದವಳು ಶಿವಕಾಂತಾ. ರುಚಿಯಾಗಿದೆ ಎಂದು ಎಲ್ಲರೂ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಕೋಟೆಯ ಗೋಡೆಗೆ ಒತ್ತಿ ಹೆಂಗಸರು ಫೋಟೋಕ್ಕೆ ಸಾಲಾಗಿ ನಿಂತರು. ಶಿವಕಾಂತಾ ಹಿಂದಿನ ಸಾಲಿನ ತುದಿಗೆ ಹೋಗಿ ನಿಂತಳು. ಶುಭಾಂಗಿ ಸಾಲನ್ನೊಮ್ಮೆ ನೋಡಿದಳು, ತಲೆ ಓರೆ ಮಾಡಿದಳು, ಬಂದು ಪ್ರೀತಿಯಿಂದ ಭುಜ ಹಿಡಿದಳು.

'ವೈನಿ, ನೀವ ಫೋಟೋ ಹೊಡೀರಿ ಅಲಾ. ಎಲ್ಲಾ ಹಸಿರು ಅದ, ನಡುವ ಈ ಬಣ್ಣಾ ಜರಾ ಬ್ಯಾರೇನೇ ಕಾಣ್ತದ. ರಾಗ ಬರಬ್ಯಾಡ್ರಿ ಹಾಂ.'

'ರಾಗ ಯಾಕ ಬರ್ತದ? ಕೊಡ್ರಿ.'

ಮೊಬೈಲ್ ತೆಗೆದುಕೊಂಡು ಹಿಂದೆ ಹಿಂದೆ ನಡೆದು, ಎಲ್ಲರೂ ಹಿಡಿಸುವಷ್ಟು ದೂರ ಹೋಗಿ ನಿಂತಳು. ಜೀಪಿನವರಾರೂ ಆಕೆಯನ್ನು ಸಾಲಿಗೆ ಕರೆದು, ಈಗ ನಾನು ಹೊಡೆಯುತ್ತೇನೆ ಎನ್ನಲಿಲ್ಲ. ಸಪನಾ ಮುಂದಿನ ಸಾಲಿನಲ್ಲಿ ನೆಲ ನೋಡುತ್ತಿದ್ದಳು. 'ಮ್ಯಾಲ ನೋಡ ಸಪನಾ' ಎಂದು ಶಿವಕಾಂತಾಳೇ ಹೇಳಬೇಕಾಯಿತು. ಆ ಚಿತ್ರ ಸಂಜೆಯೊಳಗೆ ಪೇಟೆಯ ಎಲ್ಲ ಮೊಬೈಲುಗಳಿಗೆ ಹೋಯಿತು. ಕೆಳಗೆ ಮರಾಠಿಯಲ್ಲಿ ಬರೆದಿತ್ತು: ನಮ್ಮ ಎಲ್ಲ ಗೆಳತಿಯರು.

ಮನೆಯಲ್ಲಿ ಪ್ರಣಿತಾ ಚಿಕ್ಕಮ್ಮನ ಮೊಬೈಲ್ ಕಸಿದುಕೊಂಡು ಒಂದೊಂದೇ ಮುಖವನ್ನು ದೊಡ್ಡದು ಮಾಡಿ ಹುಡುಕಿದಳು. ಎರಡು ಸಲ ಹುಡುಕಿದಳು.

'ಅವ್ವಾ, ನೀ ಹೋಗೇ ಇಲ್ಲೇನು?'

'ಹೋಗಿದ್ದೆ.'

'ಮತ್ತ ಎಲ್ಲಿ ನಿಂತಿದ್ದಿ?'

ಶಿವಕಾಂತಾ ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು ನೋಡಿದಳು. ಚಿತ್ರ ಚೆನ್ನಾಗಿಯೇ ಬಂದಿತ್ತು, ಯಾರ ತಲೆಯೂ ಕತ್ತರಿಸಿ ಹೋಗಿರಲಿಲ್ಲ.

'ಇವರೆಲ್ಲಾರ ಎದುರಿಗಿ,' ಎಂದಳು.